ವಿಳಾಸ ಸರಿ, ಬಾಗಿಲು ತಪ್ಪು

ಚಾಮರಾಜನಗರ ತಾಲ್ಲೂಕಿನ ಕುದೇರಿಗೆ ಬರೆದ ಕಾಗದವೊಂದು ದೇಶದ ಯಾವ ಮೂಲೆಯಿಂದ ಹೊರಟರೂ ಊರನ್ನು ಸೇರುವ ಬಗೆ ವಾಚಕರಿಗೆ ಅಪರಿಚಿತವಾದುದಲ್ಲ. 1972ನೆಯ ಇಸವಿ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನ ಆರು ಅಂಕಿಗಳಲ್ಲಿ ಮೊದಲನೆಯದು 5 ಎಂದು ಕಂಡೊಡನೆಯೇ ಕಾಗದವು ಕರ್ನಾಟಕ, ಆಂಧ್ರ, ತೆಲಂಗಾಣಗಳ ಕಡೆಗೆ ತಿರುಗುತ್ತದೆ. 571 ಎಂದು ಮೂರು ಅಂಕಿಗಳು ಕೂಡಿದರೆ ಮಂಡ್ಯ, ಕೊಡಗು, ಚಾಮರಾಜನಗರಗಳನ್ನೊಳಗೊಂಡ ಸೀಮೆಗೆ ಬರುತ್ತದೆ. ಆರೂ ಕೂಡಿ 571313 ಎಂದಾದರೆ ಚಾಮರಾಜನಗರ, 571111 ಎಂದಾದರೆ ಗುಂಡ್ಲುಪೇಟೆ. ಹೆಚ್ಚು ಅಂಕಿಗಳು ಹೊಂದಿದಷ್ಟೂ ಸ್ಥಳವು ಹೆಚ್ಚು ಖಚಿತವಾಗುತ್ತದೆ. ಇಷ್ಟಾದ ಮೇಲೆ ಬರೆದವರು ಊರಿನ ಹೆಸರನ್ನು ‘ಕುದೇರ್’ ಎಂದೋ ‘ಕುಡೇರು’ ಎಂದೋ ಗೀಚಿದ್ದರೂ ಅಂಚೆಯವನು ಅದನ್ನು ತಿದ್ದಿ ಓದಿಕೊಂಡು ಸರಿಯಾದ ಮನೆಗೆ ಮುಟ್ಟಿಸುತ್ತಾನೆ. ಯಂತ್ರವಾದರೋ ಈ ಕೊನೆಯ ಉಪಕಾರವನ್ನು ಮಾಡುವುದಿಲ್ಲ.

ಜಾಲವಿಳಾಸದ ವಿಂಗಡಣೆಯೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವದ ಬಳಿಯ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರಷ್ಟೆ. ಆ ಜಾಲದ ವಿಳಾಸಗಳನ್ನು ಬರೆಯುವ ಕ್ರಮವು 1994ರ ಡಿಸೆಂಬರಿನಲ್ಲಿ ವಿಧಿಬದ್ಧವಾಗಿ ಪ್ರಕಟವಾಯಿತು. ವಿಳಾಸದ ಮೊದಲ ಭಾಗವು ಯಾವ ಯಂತ್ರವನ್ನು ಕಾಣಬೇಕೆಂಬುದನ್ನು ಹೇಳುತ್ತದೆ. ಅದರ ಮುಂದೆ ಓರೆಗೆರೆಯಿಂದ ತೊಡಗುವ ಭಾಗವನ್ನು ನಾವು ‘ಹಾದಿ’ ಎಂದು ಕರೆಯೋಣ. ಆ ಯಂತ್ರದೊಳಗೆ ಯಾವ ಪ್ರೋಗ್ರಾಮನ್ನು ಎಬ್ಬಿಸಬೇಕೆಂಬುದನ್ನು ಹೇಳುವುದು ಈ ಹಾದಿ. ಸರ್ವರಿನಲ್ಲಿ ಒಂದು ಪಟ್ಟಿಯಿರುತ್ತದೆ: ಇಂಥ ಮಾದರಿಯ ಹಾದಿ ಬಂದರೆ ಇಂಥ ಪ್ರೋಗ್ರಾಮಿಗೆ ಒಪ್ಪಿಸತಕ್ಕದ್ದು. ಈ ಪಟ್ಟಿಗೇ ಮ್ಯಾಪಿಂಗ್ ಎಂದು ಹೆಸರು. ಪಟ್ಟಿಯಲ್ಲಿ ಒಂದು ಓರೆಗೆರೆ ತಪ್ಪಿದರೂ ಸಾಕು, ಪ್ರೋಗ್ರಾಮು ಕೆಡದೆ, ಯಂತ್ರ ಕೆಡದೆ, ತಂತಿ ಕಡಿಯದೆ, ಕೇಳಿದವನಿಗೆ 404 ಎಂಬ ಅಂಕೆ ಉತ್ತರವಾಗಿ ಬರುತ್ತದೆ. ಕೇಳಿದ್ದು ಸಿಕ್ಕಲಿಲ್ಲ ಎಂದು ಅದರ ಅರ್ಥ.

ಇದೇನು ಮಹಾ ವಿಷಯ ಎಂದು ಕೆಲವರು ಕೇಳಬಹುದು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಜಮೀನಿನ ಪಹಣಿ ಎಲ್ಲವೂ ಇಂದು ಜಾಲದಲ್ಲಿಯೇ ದೊರೆಯುವಂಥವು. ಹಳ್ಳಿಯ ಹುಡುಗಿಯೊಬ್ಬಳು ಕೊನೆಯ ದಿನ ಮೊಬೈಲಿನಲ್ಲಿ ಅರ್ಜಿಯ ಪುಟವನ್ನು ತೆರೆಯಹೋಗಿ 404 ಕಂಡಳೆನ್ನಿ. ಅವಳು ಸರ್ವರಿನ ಪಟ್ಟಿಯನ್ನು ಸಂಶಯಿಸುವುದಿಲ್ಲ. ತನ್ನ ಮೊಬೈಲನ್ನು, ಊರಿನ ನೆಟ್‌ವರ್ಕನ್ನು, ಕೊನೆಗೆ ತನ್ನ ತಿಳಿವಳಿಕೆಯನ್ನೇ ಸಂಶಯಿಸುತ್ತಾಳೆ. ಬಸ್ಸು ಹತ್ತಿ ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾಳೆ. ಅಲ್ಲಿಯೂ ಅದೇ 404. ಪಟ್ಟಿಯನ್ನು ಬರೆದವನು ಮಾರನೆಯ ದಿನ ಓರೆಗೆರೆಯನ್ನು ತಿದ್ದಿ ಸುಮ್ಮನಾಗಬಹುದು. ಅವಳ ದಿನ ಮರಳಿ ಬಾರದು.

ಆದುದರಿಂದಲೇ ಈ ಲೇಖಕನದೊಂದು ದೂರು. ನಮ್ಮ ತರುಣರು ಪ್ರೋಗ್ರಾಂ ಬರೆಯುವುದನ್ನು ಆಸಕ್ತಿಯಿಂದ ಕಲಿಯುತ್ತಿದ್ದಾರೆ, ಸಂತೋಷ. ಆದರೆ ಮ್ಯಾಪಿಂಗ್ ಕೆಟ್ಟಾಗ ಅದನ್ನು ಸರಿಪಡಿಸುವ ರೀತಿಯನ್ನು ನೋಡಿದರೆ ಬೀಗಕ್ಕೆ ಗೊಂಚಲಿನ ಕೀಲಿಗಳನ್ನೆಲ್ಲ ಒಂದೊಂದಾಗಿ ತುರುಕಿ ನೋಡುವವರ ನೆನಪಾಗುತ್ತದೆ. ಒಂದು ನಕ್ಷತ್ರ ಸೇರಿಸುವುದು, ಒಂದು ಓರೆಗೆರೆ ತೆಗೆಯುವುದು, ಸರ್ವರನ್ನು ನಿಲ್ಲಿಸಿ ಮತ್ತೆ ಹೂಡುವುದು. ಹೇಗೋ ಪುಟ ಬಂದರೆ ಕೆಲಸ ಮುಗಿಯಿತು. ಏಕೆ ಬಂದಿತೆಂಬುದು ಯಾರಿಗೂ ಬೇಕಿಲ್ಲ. ಇದು ಪ್ರಯೋಗವೂ ಅಲ್ಲ, ವಿಜ್ಞಾನವೂ ಅಲ್ಲ. ಮ್ಯಾಪಿಂಗಿನ ನಿಯಮಗಳು ಬೆರಳೆಣಿಕೆಯಷ್ಟೇ ಇವೆ, ಅವುಗಳ ಕ್ರಮವೂ ನಿಶ್ಚಿತವಾಗಿದೆ. ಓದಿದರೆ ತಿಳಿಯುವುದನ್ನು ಊಹಿಸುವುದೇತಕ್ಕೆ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾಲೇಜಿನ ವಿದ್ಯಾರ್ಥಿಯೊಬ್ಬನು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಊರುಗಳಿಗೆ ಒಂದೊಂದು ಪುಟವಿರುವ ತಾಣವನ್ನು ಜಾವಾ ಭಾಷೆಯಲ್ಲಿ ರಚಿಸಿ, ಟಾಮ್‌ಕ್ಯಾಟ್ ಎಂಬ ಸರ್ವರಿನಲ್ಲಿ ನಿಲ್ಲಿಸುತ್ತಾನೆ. ಟಾಮ್‌ಕ್ಯಾಟ್ 1999ರಲ್ಲಿ ಸನ್ ಕಂಪೆನಿಯಿಂದ ಅಪಾಚೆ ಪ್ರತಿಷ್ಠಾನಕ್ಕೆ ದಾನವಾಗಿ ಬಂದದ್ದು, ಇಂದಿಗೂ ಉಚಿತವಾಗಿ ದೊರೆಯುವಂಥದು. ಹಾದಿಯನ್ನು ಒಪ್ಪಿಸಿಕೊಳ್ಳುವ ಜಾವಾ ಪ್ರೋಗ್ರಾಮಿಗೆ ಸರ್ವ್ಲೆಟ್ ಎಂದು ಹೆಸರು.

‘/ಗ್ರಾಮ/ಕುದೇರು’ ಎಂಬ ಹಾದಿ ಬಂದಿತೆನ್ನಿ. ಸರ್ವರು ಮೊದಲು ನೋಡುವುದು ಅಕ್ಷರಶಃ ಹೊಂದುವ ಮಾದರಿಯುಂಟೇ ಎಂದು. ಪಟ್ಟಿಯಲ್ಲಿ ‘/ಗ್ರಾಮ/ಕುದೇರು’ ಎಂದೇ ಬರೆದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಕೊನೆಯಲ್ಲಿ ಓರೆಗೆರೆ ಮತ್ತು ನಕ್ಷತ್ರವಿರುವ ಮಾದರಿಗಳನ್ನು, ಎಂದರೆ ‘/ಗ್ರಾಮ/*’ನಂಥವನ್ನು, ನೋಡುತ್ತದೆ, ಹಲವು ಹೊಂದಿದರೆ ಅತ್ಯಂತ ಉದ್ದವಾದುದಕ್ಕೆ ಮನ್ನಣೆ. ಪಿನ್ ಕೋಡಿನ ನ್ಯಾಯವೇ ಇಲ್ಲಿಯೂ. ‘/ಗ್ರಾಮ/*’, ‘/ಗ್ರಾಮ/ಗುಂಡ್ಲುಪೇಟೆ/*’ ಎರಡೂ ಇದ್ದಲ್ಲಿ ಗುಂಡ್ಲುಪೇಟೆಯ ಹಾದಿಗಳು ಎರಡನೆಯದಕ್ಕೇ ಸಲ್ಲುತ್ತವೆ. ಪಟ್ಟಿಯಲ್ಲಿ ಯಾವುದನ್ನು ಮೊದಲು ಬರೆದರೆಂಬುದು ಲೆಕ್ಕಕ್ಕಿಲ್ಲ. ಅದೂ ಹೊಂದದಿದ್ದರೆ ಕಡತದ ಹೆಸರಿನ ಕೊನೆಯಲ್ಲಿ ಬಿಂದುವಿನ ಮುಂದೆ ಬರುವ ಬಾಲವನ್ನು ನೋಡಿ ನಿರ್ಣಯಿಸುತ್ತದೆ. ಯಾವುದೂ ಆಗದಿದ್ದರೆ ಬರಿಯ ‘/’ ಎಂದು ಬರೆದ ಮಾದರಿಗೆ, ಅಳಿದುಳಿದುದನ್ನೆಲ್ಲ ಸ್ವೀಕರಿಸುವವನಿಗೆ, ಒಪ್ಪಿಸುತ್ತದೆ. ಇಷ್ಟೇ ಶಾಸ್ತ್ರ.

ಈ ಶಾಸ್ತ್ರವನ್ನು ಒಮ್ಮೆ ಓದಿದವನಿಗೆ ಎಷ್ಟೋ ತಪ್ಪುಗಳು ತಾವಾಗಿಯೇ ಕಾಣುತ್ತವೆ. ನಮ್ಮ ವಿದ್ಯಾರ್ಥಿಯು ‘/ಗ್ರಾಮ/*’ ಎಂಬುದರ ಬದಲು ‘/ಗ್ರಾಮ*’ ಎಂದು ಬರೆದಿದ್ದಾನೆನ್ನೋಣ. ‘ಗ್ರಾಮ’ದಿಂದ ತೊಡಗುವುದೆಲ್ಲ ಇದಕ್ಕೆ ಹೊಂದೀತೆಂದು ಅವನ ಎಣಿಕೆ. ಆದರೆ ಓರೆಗೆರೆಯ ಹಿಂದೆಯೇ ಬಾರದ ನಕ್ಷತ್ರಕ್ಕೆ ಇಲ್ಲಿ ಯಾವ ಮಹಿಮೆಯೂ ಇಲ್ಲ. ಅದು ಬರಿಯ ಅಕ್ಷರ. ನಕ್ಷತ್ರವನ್ನೂ ಸೇರಿಸಿ ಬೆರಳಚ್ಚು ಮಾಡಿದವನಿಗೆ ಮಾತ್ರ ಪುಟ ಸಿಕ್ಕೀತು! ಸರ್ವರು ಹೂಡಿಕೊಳ್ಳುವಾಗ ಈ ಮಾದರಿ ಸಂದೇಹಾಸ್ಪದವೆಂದು ತನ್ನ ದಿನಚರಿಯಲ್ಲಿ ಒಂದು ಸಾಲನ್ನು ಬರೆದಿಟ್ಟಿರುತ್ತದೆ. ಅದನ್ನು ಓದುವವರು ಬೇಕು.

ಉತ್ತರವಾಗಿ ಬಂದ ಅಂಕೆಯನ್ನೂ ಓದಬೇಕು. 404 ಬಂದರೆ ಹಾದಿ ಹೊಂದಲಿಲ್ಲವೆಂದು ಮೊದಲ ಗುಮಾನಿ. 405 ಬಂದರೆ ಹಾದಿ ಹೊಂದಿದೆ, ಕೇಳಿದ ರೀತಿ ಮಾತ್ರ ಒಪ್ಪಿಗೆಯಾಗಲಿಲ್ಲ. ಪುಟವನ್ನು ಓದಲು ಮಾತ್ರ ಇರುವ ಕಡೆಗೆ ಅರ್ಜಿಯನ್ನು ತುಂಬಿ ಕಳುಹಿಸಿದಂತೆ. 500 ಬಂದರೆ ಬಹುಶಃ ಹಾದಿಯೂ ಸರಿ, ರೀತಿಯೂ ಸರಿ, ಒಳಗಿನ ಪ್ರೋಗ್ರಾಮು ಮುಗ್ಗರಿಸಿದೆ. ಈ ಮೂರನ್ನು ಬೇರ್ಪಡಿಸಿಕೊಂಡರೆ ಹುಡುಕಾಟ ಬಹಳ ಕಡಿಮೆಯಾಗುತ್ತದೆ. 405 ಬಂದಾಗ ಮ್ಯಾಪಿಂಗ್ ಪಟ್ಟಿಯನ್ನು ತಿದ್ದುತ್ತ ಕುಳಿತವನು ಹಲ್ಲುನೋವಿಗೆ ಕಣ್ಣಿನ ವೈದ್ಯರಲ್ಲಿ ಹೋದವನೇ ಸರಿ.

ಇನ್ನೊಂದು ಪ್ರಶ್ನೆಯನ್ನು ಹೊಸಬರು ಕೇಳುವುದೇ ಇಲ್ಲ: 404 ಎಂದವರು ಯಾರು? ದೊಡ್ಡ ತಾಣಗಳಲ್ಲಿ ಒಳಗಿನ ಸರ್ವರಿನ ಮುಂದೆ ಕಾವಲುಗಾರನಂತೆ ಇನ್ನೊಂದು ಸರ್ವರು ನಿಂತಿರುತ್ತದೆ. ಹಲವು ವೇಳೆ ಬಾಗಿಲಲ್ಲಿಯೇ ಇಲ್ಲವೆಂದು ಹಿಂದಕ್ಕೆ ಕಳುಹಿಸಿರುವುದು ಅದೇ. ಒಳಗಿನವನಿಗೆ ಅತಿಥಿ ಬಂದದ್ದೇ ಗೊತ್ತಿರುವುದಿಲ್ಲ. ಒಳಗಿನ ಸರ್ವರಿನ ದಿನಚರಿಯಲ್ಲಿ ಆ ಹೊತ್ತಿನ ಕೋರಿಕೆ ದಾಖಲಾಗಿದೆಯೇ ಎಂದು ನೋಡಿದರೆ ತಿಳಿದುಹೋಗುತ್ತದೆ. ದಾಖಲೆಯಿಲ್ಲದಿದ್ದರೆ ಒಳಗಿನ ಪಟ್ಟಿಯನ್ನು ನೂರು ಸಲ ತಿದ್ದಿಯೂ ಪ್ರಯೋಜನವಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ವಿರೋಧಿಸುವುದು ‘/*’ ಎಂಬ ಸರ್ವಗ್ರಾಹಿ ಮಾದರಿಯ ದುರುಪಯೋಗವನ್ನು. ಏನು ಮಾಡಿದರೂ ಪುಟ ಬಾರದಿದ್ದಾಗ ಬೇಸತ್ತ ತರುಣನು ಇದನ್ನು ಹಾಕುತ್ತಾನೆ. ಆಗ ಎಲ್ಲ ಹಾದಿಗಳೂ ಒಬ್ಬನಲ್ಲಿಗೇ ಬರುತ್ತವೆ. ಬಾಲ ನೋಡಿ ನಿರ್ಣಯಿಸುವ ನಿಯಮಕ್ಕಿಂತ ನಕ್ಷತ್ರದ ನಿಯಮ ಮೊದಲಿನದಾದ್ದರಿಂದ ಚಿತ್ರಗಳೂ ಅಲಂಕಾರದ ಕಡತಗಳೂ ಅವನ ಪಾಲಾಗಿ ಪುಟ ಬೋಳಾಗುತ್ತದೆ. ಆ ಸರ್ವ್ಲೆಟ್ಟು ತನ್ನ ಕೆಲಸ ಮುಗಿಸಿ ಪುಟವನ್ನು ಬರೆಯುವ ಇನ್ನೊಂದು ಕಡತಕ್ಕೆ ಕೋರಿಕೆಯನ್ನು ದಾಟಿಸಿದರೆ ಅದೂ ‘/*’ಗೆ ಹೊಂದಿ ಅವನಲ್ಲಿಗೇ ಮರಳುತ್ತದೆ, ಕನ್ನಡಿಗೆ ಕನ್ನಡಿ ಹಿಡಿದಂತೆ ಕೊನೆಯಿಲ್ಲದೆ ಸುತ್ತಿ ಸರ್ವರಿನ ಸ್ಮೃತಿ ತುಂಬಿ ಪ್ರೋಗ್ರಾಮು ಸಾಯುತ್ತದೆ. ಬೇಕಾಗಿದ್ದುದು ಬರಿಯ ‘/’ ಮಾತ್ರ. ಒಂದು ನಕ್ಷತ್ರದ ಅಂತರ!

ಇದಕ್ಕಿಂತ ಕೆಟ್ಟದ್ದು ಇನ್ನೊಂದುಂಟು. ಕೆಲವರು ಸಿಕ್ಕದ ಹಾದಿಗಳಿಗೆಲ್ಲ ಮುಖಪುಟವನ್ನೇ ಕೊಟ್ಟು, ಎಲ್ಲ ಸರಿಯಾಗಿದೆಯೆಂಬ 200ರ ಅಂಕೆಯನ್ನು ಹಚ್ಚಿ ಕಳುಹಿಸುತ್ತಾರೆ. ಹೊರಗಿನಿಂದ ನೋಡಿದರೆ ತಾಣದಲ್ಲಿ ತಪ್ಪೇ ಇಲ್ಲ. ಆ ಹುಡುಗಿ ಮಾತ್ರ ಅರ್ಜಿಯನ್ನು ಕೇಳಿ ಮುಖಪುಟವನ್ನು ಪಡೆದು, ಮತ್ತೆ ಕೇಳಿ ಮತ್ತೆ ಅದನ್ನೇ ಪಡೆದು, ಸಂಜೆಯವರೆಗೂ ಕುಳಿತಿರುತ್ತಾಳೆ. 404 ಬಂದಿದ್ದರೆ ಬೇರೆ ದಾರಿಯನ್ನಾದರೂ ಹಿಡಿಯುತ್ತಿದ್ದಳು. ದಿನಚರಿಯನ್ನು ನೋಡುವ ಅಧಿಕಾರಿಗೂ ದೂರು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಇರುವುದೆಲ್ಲ 200. ಇಲ್ಲದುದನ್ನು ಇಲ್ಲವೆನ್ನುವ ಸರ್ವರು ಇದಕ್ಕಿಂತ ಎಷ್ಟೋ ಮೇಲು.

ಈಗ ಕುದೇರಿನ ಹೆಸರಿನಲ್ಲಿಯೇ ಅಡಗಿರುವ ಒಂದು ಸ್ವಾರಸ್ಯವನ್ನು ನೋಡೋಣ. ಪಟ್ಟಿ ಸರಿಯಾಗಿದೆ, ಕಾವಲುಗಾರನೂ ಒಳಗೆ ಬಿಟ್ಟಿದ್ದಾನೆ, ಆದರೂ ‘/ಗ್ರಾಮ/ಕುದೇರು’ ಕೆಲವರಿಗೆ ಸಿಕ್ಕುತ್ತದೆ, ಕೆಲವರಿಗೆ ಸಿಕ್ಕುವುದಿಲ್ಲ. ಇದೇನು ಮಾಟವೇ?

ಯಂತ್ರವು ‘ಕುದೇರು’ ಎಂಬುದನ್ನು ಕ, ಉಕಾರದ ಚಿಹ್ನೆ, ದ, ಏಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಎಂದು ಆರು ಯೂನಿಕೋಡ್ ಸಂಕೇತಗಳಾಗಿ ಕಾಣುತ್ತದೆ. ಇಂದು ರೂಢಿಯಲ್ಲಿರುವ ಬರವಣಿಗೆಯ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕು, ಒಟ್ಟು 18. ಜಾಲವಿಳಾಸವು ರೋಮನ್ ಲಿಪಿಯ ಅಕ್ಷರಗಳನ್ನು ಮಾತ್ರ ಬಲ್ಲುದಾದ್ದರಿಂದ ಬ್ರೌಸರು ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆದು ಕಳುಹಿಸುತ್ತದೆ. ಹೀಗೆ ಮೂರಕ್ಷರದ ಊರು 54 ಅಕ್ಷರಗಳಷ್ಟು ಉದ್ದವಾಗಿ ಪ್ರಯಾಣ ಮಾಡುತ್ತದೆ. ಸರ್ವರು ಅದನ್ನು ಅದೇ ಕ್ರಮದಲ್ಲಿ ಬಿಡಿಸಿಕೊಂಡರೆ ಮಾತ್ರ ಕುದೇರು ಮತ್ತೆ ಕುದೇರಾಗುತ್ತದೆ. ಟಾಮ್‌ಕ್ಯಾಟ್ ತನ್ನ 7ನೆಯ ಆವೃತ್ತಿಯ ವರೆಗೆ, ಬೇರೆ ಅಪ್ಪಣೆಯಿಲ್ಲದಿದ್ದರೆ, ಪಶ್ಚಿಮ ಯೂರೋಪಿನ ಲಿಪಿಯ ಕ್ರಮದಲ್ಲಿ ಬಿಡಿಸುತ್ತಿತ್ತು. 18 ಬೈಟುಗಳೂ 18 ಬೇರೆ ಬೇರೆ ಅಕ್ಷರಗಳಾಗಿ ಊರಿನ ಹೆಸರು ಗುರುತೇ ಸಿಕ್ಕದಂತಾಗುತ್ತಿತ್ತು. ಹಳೆಯ ಸರ್ವರುಗಳನ್ನು ಇಟ್ಟುಕೊಂಡವರು ಇದನ್ನು ಮೊದಲು ನೋಡಬೇಕು.

ಆದರೆ ಮಾಟದ ಮೂಲ ಇನ್ನೂ ಆಳದಲ್ಲಿದೆ. ‘ದೇ’ ಎಂಬಲ್ಲಿರುವ ಏಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೆ ಎಕಾರದ ಚಿಹ್ನೆಯ ಮುಂದೆ ದೀರ್ಘದ ಚಿಹ್ನೆಯನ್ನಿಟ್ಟು ಎರಡು ಸಂಕೇತಗಳಾಗಿ. ಕಾಗದದ ಮೇಲೆ ನಾವು ಬರೆಯುವುದೂ ಎರಡನೆಯ ರೀತಿಯಲ್ಲಿಯೇ ಅಲ್ಲವೆ? ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮೊದಲನೆಯದು ಆರು ಸಂಕೇತಗಳ ಊರು, ಎರಡನೆಯದು ಏಳು ಸಂಕೇತಗಳ ಬೇರೆಯದೇ ಊರು. 54 ಅಕ್ಷರಗಳ ಬದಲು 63. ಅಕ್ಷರಶಃ ಹೊಂದಿಸುವ ಸರ್ವರಿಗೆ ಇವು ಹೊಂದುವುದಿಲ್ಲ. ತೆರೆಯ ಮೇಲೆ ಎಷ್ಟು ದಿಟ್ಟಿಸಿ ನೋಡಿದರೂ ಈ ತಪ್ಪು ಕಾಣದು. ಬೈಟುಗಳನ್ನು ಎಣಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ.

ಇದಕ್ಕೆ ಪರಿಹಾರವೆಂದು ಪಟ್ಟಿಯಲ್ಲಿ ಎರಡು ಸಾಲು ಬರೆಯುವುದು ಜಾಣತನವಲ್ಲ. ಈ ಕೊಂಬಿನ ಬಗೆ ‘ಈ’, ‘ಐ’, ‘ಒ’, ‘ಓ’ಕಾರಗಳ ಚಿಹ್ನೆಗಳಿಗೂ ಉಂಟು, ಊರು ಊರಿಗೆ ಎಷ್ಟು ಸಾಲು ಬರೆಯುವುದು? ಹಾದಿಯನ್ನು ಬಾಗಿಲಲ್ಲಿಯೇ ಒಮ್ಮೆ ಏಕರೂಪಕ್ಕೆ ತಂದು ಆಮೇಲೆ ಪಟ್ಟಿಯ ಮುಂದೆ ನಿಲ್ಲಿಸಬೇಕು. ಏಕರೂಪದ ನಿಯಮವನ್ನು ಯೂನಿಕೋಡಿನವರೇ ಕೊಟ್ಟಿದ್ದಾರೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ತಂತ್ರಾಂಶವು ಮಾಡುವುದೂ ಇದನ್ನೇ. ಆದುದರಿಂದಲೇ ಅಲ್ಲಿ ಯಾವ ಕೀಲಿಮಣೆಯಿಂದ ಬೆರಳಚ್ಚು ಮಾಡಿದರೂ ಒಂದೇ ಪುಟ ತೆರೆಯುತ್ತದೆ. ರೋಮನ್ ಲಿಪಿಯಲ್ಲಿ ಹಾದಿಯನ್ನು ಬರೆದರೆ ಈ ಕಷ್ಟ ತಪ್ಪೀತೆನ್ನುವವರುಂಟು. ತಪ್ಪುವುದಿಲ್ಲ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಯಂತ್ರದ ಹೆಸರಿನಲ್ಲಿ ಲೆಕ್ಕಕ್ಕಿಲ್ಲವಾದರೂ ಹಾದಿಯಲ್ಲಿ ಲೆಕ್ಕಕ್ಕೆ ಬರುತ್ತದೆ; ಕುದೇರನ್ನು ಆ ಲಿಪಿಯಲ್ಲಿ ಹೇಗೆ ಬರೆಯಬೇಕೆಂಬ ಜಗಳ ಬೇರೆ.

ಹೆಸರುಗಳು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ಮೈಸೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಚಾಮರಾಜನಗರವೂ ಮೊದಲು ಅರಿಕುಠಾರವಾಗಿತ್ತು. ಜಿಲ್ಲೆಯಾಗಿ ಮೈಸೂರಿನಿಂದ ಬೇರೆಯಾದುದು 1997ರಲ್ಲಿ. ಹಳೆಯ ಹೆಸರಿನ ಹಾದಿಯನ್ನು ಪಟ್ಟಿಯಿಂದ ಅಳಿಸಿಹಾಕುವವರು ಬಹಳ. ಒಳ್ಳೆಯ ವಿಳಾಸಗಳು ಬದಲಾಗುವುದಿಲ್ಲವೆಂದು ಬರ್ನರ್ಸ್-ಲೀ ಅವರು 1998ರಲ್ಲಿಯೇ ಒಂದು ಪ್ರಬಂಧದಲ್ಲಿ ವಾದಿಸಿದ್ದರು. ಬದಲಿಸಲೇಬೇಕಾದರೆ ಮನೆ ಶಾಶ್ವತವಾಗಿ ಬದಲಾಗಿದೆಯೆಂದು ತಿಳಿಸಿ ಹೊಸ ವಿಳಾಸವನ್ನು ಕೊಡುವ 301 ಎಂಬ ಅಂಕೆಯುಂಟು. ಅರಿಕುಠಾರವನ್ನು ಹುಡುಕಿ ಬಂದವನನ್ನು ಚಾಮರಾಜನಗರದ ಪುಟಕ್ಕೆ ಕಳುಹಿಸಿಕೊಡಲು ಒಂದು ಸಾಲು ಸಾಕು. ನಮ್ಮ ವಿದ್ಯಾರ್ಥಿಯ ಪಟ್ಟಿಯಲ್ಲಿ ಇನ್ನು ಸೇರಬೇಕಾಗಿರುವುದು ಅದೊಂದೇ.