ಹೇಗೋ ಓಡುತ್ತಿದೆಯಲ್ಲ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುಹೋಯಿತು. ವಿಂಡೋಸ್ 11 ಒಲ್ಲೆನೆಂದ ಹಳೆಯ ಕಂಪ್ಯೂಟರ್‌ಗಳನ್ನು ಇಟ್ಟುಕೊಂಡ ಒಂದಿಷ್ಟು ಮಂದಿ ಲಿನಕ್ಸ್ ಕಡೆ ಹೊರಳಿದ್ದಾರೆ. ಅಲ್ಲಿ ಅವರಿಗೆ ಸಿಗುವ ಮೊದಲ ಸಮಾಧಾನವೆಂದರೆ, ವೈನ್ ಅಥವಾ ಪ್ರೋಟಾನ್ ಎಂಬ ಹೊಂದಾಣಿಕೆಯ ತಂತ್ರಾಂಶ ಹಾಕಿಕೊಂಡರೆ ಎಷ್ಟೋ ವಿಂಡೋಸ್ ತಂತ್ರಾಂಶಗಳು ಓಡುತ್ತವೆ ಎಂಬುದು. ನಮಗೆ ಆತಂಕ ಇರುವುದು ಈ ಸಮಾಧಾನದ ಬಗ್ಗೆಯೇ.

ವಿಂಡೋಸ್‌ಗೆ ಎದುರಾಳಿಯಾಗಿದ್ದ ಐಬಿಎಂನ ಕಾರ್ಯಾಚರಣೆ ವ್ಯವಸ್ಥೆ ಓಎಸ್/2 ಇದೇ ಹಾದಿಯಲ್ಲಿ ನಡೆದಿತ್ತು. 1992ರ ಆವೃತ್ತಿ ಅಂದಿನ ವಿಂಡೋಸ್ ತಂತ್ರಾಂಶಗಳನ್ನು ಸಲೀಸಾಗಿ ಓಡಿಸುತ್ತಿತ್ತು. ವಿಂಡೋಸ್‌ಗಿಂತ ಒಳ್ಳೆಯ ವಿಂಡೋಸ್ ಎಂದೇ ಕಂಪನಿ ಜಂಬದಿಂದ ಸಾರಿತು. ತಂತ್ರಾಂಶ ಮಾರುವವರು ಆ ಮಾತನ್ನು ನಂಬಿದ್ದೇ ಎಡವಟ್ಟಾಯಿತು. ವಿಂಡೋಸ್‌ಗೆ ಒಮ್ಮೆ ಬರೆದರೆ ಎರಡೂ ಕಡೆ ನಡೆಯುವಾಗ ಓಎಸ್/2ಗೆಂದೇ ಯಾರು ದುಡ್ಡು ಸುರಿಯುತ್ತಾರೆ? 1995ರಲ್ಲಿ ವಿಂಡೋಸ್ 95 ಬಂತು. ಅದಕ್ಕೆಂದು ಬರೆದ ಹೊಸ ತಂತ್ರಾಂಶಗಳು ಓಎಸ್/2ನಲ್ಲಿ ಏಳಲೇ ಇಲ್ಲ, ಅದರದೇ ತಂತ್ರಾಂಶಗಳು ಬೆರಳೆಣಿಕೆಯಷ್ಟು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. 2006ರ ಕೊನೆಗೆ ಐಬಿಎಂ ಬೆಂಬಲವನ್ನೇ ನಿಲ್ಲಿಸಿತು.

ಲಿನಕ್ಸ್‌ನಲ್ಲೂ ಅಂಥದೇ ಸೂಚನೆಗಳು ಕಾಣಿಸುತ್ತಿವೆ. ವಾಲ್ವ್ ಕಂಪನಿ ಪ್ರೋಟಾನ್ ತಂದದ್ದು 2018ರಲ್ಲಿ. 2020ರಲ್ಲಿ ರಾಕೆಟ್ ಲೀಗ್ ಆಟದವರು ತಮ್ಮ ಲಿನಕ್ಸ್ ಆವೃತ್ತಿಯನ್ನು ಕೈಬಿಟ್ಟರು. 2024ರಲ್ಲಿ ಅಪೆಕ್ಸ್ ಲೆಜೆಂಡ್ಸ್, ಮೋಸದಾಟದ ನೆಪ ಹೇಳಿ, ಲಿನಕ್ಸ್ ಆಟಗಾರರಿಗೆ ಬಾಗಿಲು ಮುಚ್ಚಿತು.

ಆಟ ಹೋದರೆ ಹೋಗಲಿ ಬಿಡಿ. ಹುಬ್ಬಳ್ಳಿಯ ಲೆಕ್ಕಿಗರೊಬ್ಬರು ತಮ್ಮ ಲೆಕ್ಕದ ತಂತ್ರಾಂಶವನ್ನು ವೈನ್ ಮೂಲಕ ಓಡಿಸುತ್ತಿದ್ದಾರೆ ಅಂದುಕೊಳ್ಳಿ. ಮಾರ್ಚ್ ಕೊನೆಯ ವಾರ ಒಂದು ಅಪ್‌ಡೇಟ್ ಬಂದು ಅದು ತೆರೆಯದೇ ಹೋದರೆ? ನಾವು ವಿಂಡೋಸ್‌ಗೆಂದು ಮಾರಿದ್ದು ಸ್ವಾಮಿ, ಎಂದು ಕಂಪನಿ ಕೈತೊಳೆದುಕೊಳ್ಳುತ್ತದೆ. ಅದು ಹೇಳುವುದರಲ್ಲಿ ತಪ್ಪೂ ಇಲ್ಲ. ವೈನ್ ತನ್ನನ್ನು ವಿಂಡೋಸ್ ಎಂದೇ ತೋರಿಸಿಕೊಳ್ಳುವುದರಿಂದ ಕಂಪನಿಯ ಲೆಕ್ಕದಲ್ಲಿ ಈ ಗಿರಾಕಿ ಕೂಡ ವಿಂಡೋಸ್‌ನವರೇ.

ಲಿನಕ್ಸ್‌ಗೂ ತಂತ್ರಾಂಶ ಕೊಡಿ ಎಂಬ ಮನವಿಪತ್ರಗಳಿಂದ ಕಂಪನಿಗಳ ಮನಸ್ಸು ಕರಗುವುದಿಲ್ಲ. ಮಾಯಾ ಎಂಬ ದುಬಾರಿ ಆ್ಯನಿಮೇಷನ್ ತಂತ್ರಾಂಶ ಲಿನಕ್ಸ್‌ಗೆ ಬಂದದ್ದು ಹೇಗೆ? ಈ ಶತಮಾನದ ಆರಂಭದಲ್ಲಿ ಹಾಲಿವುಡ್‌ನ ಸ್ಟುಡಿಯೋಗಳು ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳನ್ನು ಬಿಟ್ಟು ಲಿನಕ್ಸ್‌ಗೆ ಹೋದವು. ಸಗಟಾಗಿ ಲೈಸೆನ್ಸ್ ಕೊಳ್ಳುವವರು ಹೋದ ಕಡೆಗೆ ಮಾರುವವರೂ ಹೋದರು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. ಅಂಥ ದೊಡ್ಡ ಗಿರಾಕಿಗಳು, ನಮ್ಮ ರಾಜ್ಯದ ಇಲಾಖೆಗಳೂ ಸೇರಿ, ತಂತ್ರಾಂಶದ ಟೆಂಡರ್‌ನಲ್ಲಿ ಲಿನಕ್ಸ್ ಬೆಂಬಲವನ್ನು ಷರತ್ತಾಗಿಸಿದರೆ ಸಾವಿರ ಸಹಿಗಳಿಗಿಂತ ಬೇಗ ಕೆಲಸವಾಗುತ್ತದೆ.

ವೈನ್ ಬಿಡಿ ಎನ್ನುತ್ತಿಲ್ಲ. ಪೂರ್ತಿ ಲಿನಕ್ಸ್ ಆವೃತ್ತಿಯನ್ನೇ ಮೊದಲ ದಿನ ಕೇಳಬೇಕಾಗಿಯೂ ಇಲ್ಲ. ವೈನ್‌ನ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದೇವೆ, ಕೆಟ್ಟರೆ ಸರಿಪಡಿಸುತ್ತೇವೆ ಎಂದು ಕಂಪನಿ ಬರೆದುಕೊಡಲಿ. ಲೈಸೆನ್ಸ್ ನವೀಕರಿಸುವ ಮುನ್ನ, ಹಣ ಇನ್ನೂ ನಮ್ಮ ಕೈಯಲ್ಲಿರುವಾಗಲೇ, ಇದನ್ನು ಕೇಳಬೇಕು.