ಲಿಂಕ್, ಎಪಿಕೆ, ಸರ್ವರ್, ಒಟಿಪಿ: ಒಂದು ಫಾರ್ವರ್ಡ್ ಸಂದೇಶವನ್ನು ಪದ ಬಿಡಿಸಿ ಓದೋಣ

‘ಪಿಎಂ ಕಿಸಾನ್ ಕಂತು ನಿಲ್ಲಬಾರದು ಎಂದಿದ್ದರೆ ಇವತ್ತೇ ಈ ಲಿಂಕ್ ಒತ್ತಿ, ಆ್ಯಪ್ ಇನ್‌ಸ್ಟಾಲ್ ಮಾಡಿ, ಇ-ಕೆವೈಸಿ ಮುಗಿಸಿ. ಎಲ್ಲ ರೈತರಿಗೂ ತಲುಪಿಸಿ.’

ಹೆಚ್ಚುಕಡಿಮೆ ಇದೇ ಅಚ್ಚಿನ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಈ ಯೋಜನೆಯ ಹೆಸರಿನ ನಕಲಿ ಆ್ಯಪ್‌ಗಳು ದೇಶದ ಹಲವೆಡೆ ಹರಿದಾಡಿವೆ. ಶಿಕಾರಿಪುರ, ಸೊರಬದಂಥ ಕೃಷಿ ತಾಲ್ಲೂಕುಗಳಲ್ಲಿ ಇಂಥ ಸಂದೇಶವನ್ನು ಯಾರೂ ಸುಮ್ಮನೆ ಅಳಿಸಿಹಾಕುವುದಿಲ್ಲ. ಪಿಎಂ ಕಿಸಾನ್ ನಿಜವಾದ ಯೋಜನೆ, ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುವುದೂ ನಿಜ, ಇ-ಕೆವೈಸಿ ಬೇಕು ಎನ್ನುವುದೂ ನಿಜ. ಸುಳ್ಳು ಇರುವುದು ‘ಈ ಲಿಂಕ್’, ‘ಆ್ಯಪ್’ ಎಂಬ ಎರಡು ಪದಗಳಲ್ಲಿ ಮಾತ್ರ.

2,000 ರೂಪಾಯಿ ಕಂತಿನ ಮಾತಾಡುವ ವಂಚಕನ ಕಣ್ಣಿರುವುದು ಕಂತಿನ ಮೇಲಲ್ಲ. ಅಡಿಕೆ, ಶುಂಠಿ, ಮೆಕ್ಕೆಜೋಳ ಮಾರಿದ ದುಡ್ಡೂ ಅದೇ ಖಾತೆಯಲ್ಲಿರುತ್ತದೆ. ಹಾಗಾಗಿ ದಿನಾ ಬಳಸುವ ಕೆಲವು ಪದಗಳ ಅರ್ಥ ಸರಿಯಾಗಿ ತಿಳಿದುಕೊಳ್ಳುವುದು ಬರೀ ಸಾಮಾನ್ಯ ಜ್ಞಾನದ ವಿಷಯವಲ್ಲ. ಒಂದೊಂದಾಗಿ ನೋಡೋಣ.

ಇಂಟರ್ನೆಟ್ ಎಲ್ಲಿಂದ ಬರುತ್ತದೆ?

‘ಇಂಟರ್ನೆಟ್ ಉಪಗ್ರಹದಿಂದ ಬರುತ್ತದೆ’ ಎಂದು ಅನೇಕರು ನಂಬಿದ್ದಾರೆ. ನಾವು ಬಳಸುವ ಇಂಟರ್ನೆಟ್‌ನ ಬಹುಪಾಲು ಓಡಾಡುವುದು ನೆಲದಡಿಯ ಮತ್ತು ಸಮುದ್ರದಡಿಯ ಕೇಬಲ್‌ಗಳಲ್ಲಿ. ಹೊರದೇಶಗಳಿಂದ ಬರುವ ಕೇಬಲ್‌ಗಳು ಮುಂಬೈ, ಚೆನ್ನೈನಂಥ ಕಡಲತೀರದ ನಗರಗಳಲ್ಲಿ ದಡ ಸೇರುತ್ತವೆ. ಅಲ್ಲಿಂದ ಗಾಜಿನ ಎಳೆಯ ಕೇಬಲ್‌ಗಳ ಮೂಲಕ ಜಿಲ್ಲೆ, ತಾಲ್ಲೂಕುಗಳಿಗೆ ಹರಿಯುತ್ತದೆ. ಇದಕ್ಕೇ ಆಪ್ಟಿಕಲ್ ಫೈಬರ್ ಎನ್ನುವುದು. ಗ್ರಾಮ ಪಂಚಾಯಿತಿಗಳವರೆಗೆ ಈ ಫೈಬರ್ ಎಳೆಯುವ ಕೇಂದ್ರದ ಯೋಜನೆಯ ಹೆಸರು ಭಾರತ್‌ನೆಟ್. ಟವರ್‌ನಿಂದ ನಿಮ್ಮ ಫೋನಿನವರೆಗಿನ ಕೊನೆಯ ದಾರಿ ಮಾತ್ರ ಗಾಳಿಯಲ್ಲಿ, ರೇಡಿಯೋ ಅಲೆಗಳ ಮೂಲಕ. ಚಂದ್ರಗುತ್ತಿ ಕಡೆಯಂಥ ಗುಡ್ಡ, ಕಾಡು ಇರುವಲ್ಲಿ ಸಿಗ್ನಲ್ ಕೈಕೊಡುವುದು ಈ ಕೊನೆಯ ದಾರಿಯಲ್ಲೇ.

ವೈಫೈ ಎಂದರೆ ಇಂಟರ್ನೆಟ್ ಅಲ್ಲ. ಮನೆಗೆ ಬಂದಿರುವ ಇಂಟರ್ನೆಟ್ಟನ್ನು ತಂತಿಯಿಲ್ಲದೆ ಫೋನಿಗೆ ಹಂಚುವ ವ್ಯವಸ್ಥೆ ಅದು. ಮನೆಗೆ ಬರುವ ಸಂಪರ್ಕವೇ ಸತ್ತಿದ್ದರೆ ವೈಫೈ ಗುರುತು ಪೂರ್ತಿ ಕಂಡರೂ ಏನೂ ತೆರೆಯುವುದಿಲ್ಲ.

‘ಸರ್ವರ್ ಡೌನ್’ ಎಂದರೇನು?

ತಾಲ್ಲೂಕು ಕಚೇರಿಯಲ್ಲಾಗಲಿ ನ್ಯಾಯಬೆಲೆ ಅಂಗಡಿಯಲ್ಲಾಗಲಿ ಈ ಮಾತು ಕೇಳದವರಿಲ್ಲ. ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು, ಫೋನುಗಳು ಕೇಳಿದ ಮಾಹಿತಿಯನ್ನು ಒದಗಿಸುವ ಕಂಪ್ಯೂಟರ್. ಕೇಳುವವರು ಹೆಚ್ಚಾಗಿ ಅದು ತಡವರಿಸಿದರೆ, ಅಥವಾ ನಿಂತೇ ಹೋದರೆ, ಅದು ‘ಸರ್ವರ್ ಡೌನ್’. ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಇರುತ್ತದೆ, ಅಲ್ಲಿಗೆ ಹೋಗುವ ನೆಟ್‌ವರ್ಕ್ ಕೆಟ್ಟಿರುತ್ತದೆ.

ಪಹಣಿಯ ಉದಾಹರಣೆ ತೆಗೆದುಕೊಳ್ಳಿ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಇವತ್ತು ನೀವು ಫೋನಿನಲ್ಲಿ ಸರ್ವೆ ನಂಬರ್ ಹಾಕಿದಾಗ ಕಾಣುವುದು ಸರ್ಕಾರದ ಸರ್ವರ್ ಕಳಿಸಿದ ಒಂದು ಪ್ರತಿ. ಆ ಪ್ರತಿಯನ್ನು ಫೋನಿಗೆ ಇಳಿಸಿಕೊಳ್ಳುವುದು ಡೌನ್‌ಲೋಡ್. ನಿಮ್ಮ ಆಧಾರ್ ಚಿತ್ರವನ್ನು ಅರ್ಜಿಯ ಜೊತೆ ಕಳಿಸುವುದು ಅಪ್‌ಲೋಡ್. ಡೌನ್‌ಲೋಡ್ ಆದ ಪಹಣಿಯನ್ನು ಅಳಿಸಿದರೆ ಮೂಲಕ್ಕೇನೂ ಆಗುವುದಿಲ್ಲ. ಆದರೆ ಒಮ್ಮೆ ಅಪ್‌ಲೋಡ್ ಆದ ಆಧಾರ್ ಚಿತ್ರ ಯಾರ ಸರ್ವರ್ ಸೇರಿತೋ ಅವರ ಕೈಯಲ್ಲೇ ಉಳಿಯುತ್ತದೆ.

ಬ್ರೌಸರ್ ಬೇರೆ, ಗೂಗಲ್ ಬೇರೆ

ಜಾಲತಾಣಗಳನ್ನು ತೆರೆದು ತೋರಿಸುವ ಆ್ಯಪ್‌ಗೆ ಬ್ರೌಸರ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳು. ಗೂಗಲ್ ಒಂದು ಹುಡುಕು ಯಂತ್ರ, ಅಂದರೆ ಸರ್ಚ್ ಇಂಜಿನ್. ಯಾವ ಮಾಹಿತಿ ಎಲ್ಲಿದೆ ಎಂದು ಅದು ದಾರಿ ತೋರಿಸುತ್ತದೆಯೇ ಹೊರತು, ಆ ಮಾಹಿತಿ ನಿಜ ಎಂದು ಖಾತರಿ ಕೊಡುವುದಿಲ್ಲ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ‘ಪ್ರಾಯೋಜಿತ’ ಎಂದು ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡಿ ಮೋಸಹೋದವರಿದ್ದಾರೆ. ಆ ನಂಬರ್ ನಿಮ್ಮ ಪಾಸ್‌ಬುಕ್‌ನಲ್ಲೋ ಎಟಿಎಂ ಕಾರ್ಡಿನ ಹಿಂಬದಿಯಲ್ಲೋ ಇರುತ್ತದೆ.

ಲಿಂಕನ್ನು ಬಲಗಡೆಯಿಂದ ಓದಿ

ಲಿಂಕ್ ಎಂದರೆ ಒಂದು ವಿಳಾಸಕ್ಕೆ ನೇರವಾಗಿ ಕರೆದೊಯ್ಯುವ ಕೊಂಡಿ. ಅದನ್ನು ಒತ್ತುವ ಮೊದಲು ವಿಳಾಸ ಓದಲು ಕಲಿತರೆ ಅರ್ಧ ಅಪಾಯ ತಪ್ಪಿತು.

ಶಾಸನಕ್ಕೆ ಹೆಸರಾದ ತಾಳಗುಂದಕ್ಕೆ ಪತ್ರ ಬರೆದರೆ ವಿಳಾಸ ಹೀಗಿರುತ್ತದೆ: ತಾಳಗುಂದ, ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಕರ್ನಾಟಕ. ಬಲಗಡೆಗೆ ಹೋದಷ್ಟೂ ದೊಡ್ಡ ಘಟಕ. ಜಾಲತಾಣದ ವಿಳಾಸವೂ ಹಾಗೆಯೇ. ಪಹಣಿಯ ತಾಣದ ವಿಳಾಸ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಕೊನೆಯ ‘ಇನ್’ ಭಾರತ, ಅದರ ಹಿಂದಿನ ‘ಗವ್’ ಸರ್ಕಾರ, ಅದರ ಹಿಂದೆ ಕರ್ನಾಟಕ, ಎಲ್ಲಕ್ಕಿಂತ ಮೊದಲು ಭೂ ದಾಖಲೆಗಳ ತಾಣ. ‘ಗವ್ ಡಾಟ್ ಇನ್’ ಎಂದು ಕೊನೆಯಾಗುವ ಹೆಸರನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ.

ವಂಚಕರು ಆಟವಾಡುವುದು ಇಲ್ಲೇ. ‘ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್’ ಅಸಲಿ ವಿಳಾಸ. ಅದರ ಮುಂದೆ ಇನ್ನೊಂದು ಚುಕ್ಕೆ ಇಟ್ಟು ಬೇರೆ ಯಾವುದೋ ಹೆಸರು ಮತ್ತು ‘ಡಾಟ್ ಕಾಮ್’ ಸೇರಿಸಿದರೆ, ಅದು ಆ ಬೇರೆಯವರ ತಾಣವಾಗುತ್ತದೆ. ಚುಕ್ಕೆಯ ಬದಲು ಅಡ್ಡಗೆರೆ ಹಾಕಿ ‘ಪಿಎಂಕಿಸಾನ್-ಗವ್-ಇನ್’ ಎಂದು ಬರೆದರೂ ಅದು ಸರ್ಕಾರದ್ದಲ್ಲ. ಆದ್ದರಿಂದ ಸೂತ್ರ ಇಷ್ಟು: ಆರಂಭದ ‘ಎಚ್‌ಟಿಟಿಪಿಎಸ್’ ಭಾಗವನ್ನು ಬಿಟ್ಟುಬಿಡಿ, ಅದರ ನಂತರ ಬರುವ ಮೊದಲ ಓರೆಗೆರೆಯವರೆಗೆ ಓದಿ, ಅಲ್ಲಿ ಕೊನೆಯಲ್ಲಿ ಏನಿದೆ ನೋಡಿ. ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಅಲ್ಲೂ ಇದೇ ಲೆಕ್ಕ.

‘ಬೀಗದ ಗುರುತು ಇದ್ದರೆ ತಾಣ ಅಸಲಿ’ ಎನ್ನುವುದು ತಪ್ಪು ನಂಬಿಕೆ. ನಿಮ್ಮ ಮತ್ತು ಆ ತಾಣದ ನಡುವಿನ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ ಎಂದಷ್ಟೇ ಬೀಗ ಹೇಳುತ್ತದೆ. ಎದುರಿಗಿರುವವನೇ ಕಳ್ಳನಾದರೆ? ಕಳ್ಳನ ಜೊತೆಗೂ ಗುಟ್ಟಾಗಿ ಮಾತಾಡಬಹುದಲ್ಲ. ಜನ ಇದನ್ನು ತಪ್ಪಾಗಿ ತಿಳಿಯುತ್ತಿದ್ದಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿತ್ರವನ್ನು ಬದಲಿಸಿತು.

ಎಪಿಕೆ: ಆ್ಯಪ್‌ನ ಕಟ್ಟು

ಆಂಡ್ರಾಯ್ಡ್ ಫೋನಿನ ಪ್ರತಿ ಆ್ಯಪ್ ಎಪಿಕೆ ಎಂಬ ಕಡತದ ರೂಪದಲ್ಲಿ ಬರುತ್ತದೆ. ಎಪಿಕೆ ತಾನಾಗಿ ಕೆಟ್ಟದ್ದಲ್ಲ. ಪ್ಲೇ ಸ್ಟೋರ್‌ನಿಂದ ಬಂದರೆ ಒಂದು ಮಟ್ಟದ ತಪಾಸಣೆ ಆಗಿರುತ್ತದೆ. ವಾಟ್ಸಾಪ್‌ನಲ್ಲಿ ಬಂದರೆ ಆ ತಪಾಸಣೆ ಆಗಿರುವುದಿಲ್ಲ. ಅದನ್ನು ಒತ್ತಿದಾಗ ಫೋನ್ ‘ಅಪರಿಚಿತ ಮೂಲದಿಂದ ಇನ್‌ಸ್ಟಾಲ್ ಮಾಡಲು ಅನುಮತಿ ಕೊಡುತ್ತೀರಾ?’ ಎಂದು ಕೇಳುತ್ತದೆ. ಅವಸರದಲ್ಲಿ ನಾವು ಹೂಂ ಎನ್ನುತ್ತೇವೆ. ಆಮೇಲೆ ಆ ಆ್ಯಪ್ ಎಸ್ಎಂಎಸ್ ಓದಲು, ಸಂಪರ್ಕಗಳನ್ನು ನೋಡಲು ಅನುಮತಿ ಕೇಳುತ್ತದೆ. ಅದಕ್ಕೂ ಹೂಂ.

ಒಟಿಪಿ ಎಂದರೆ ಒಂದೇ ಸಲ, ಕೆಲವೇ ನಿಮಿಷ ನಡೆಯುವ ಗುಪ್ತ ಸಂಖ್ಯೆ. ಅದನ್ನು ಯಾರಿಗೂ ಹೇಳಬಾರದು ಎಂದು ಎಲ್ಲರಿಗೂ ಗೊತ್ತು. ಆದರೂ ‘ನಾನು ಯಾರಿಗೂ ಒಟಿಪಿ ಹೇಳೇ ಇಲ್ಲ, ದುಡ್ಡು ಹೇಗೆ ಹೋಯ್ತು?’ ಎಂದು ಕೇಳುವವರಿದ್ದಾರೆ. ಉತ್ತರ ಇಲ್ಲಿದೆ: ಎಸ್ಎಂಎಸ್ ಓದುವ ಅನುಮತಿ ಪಡೆದ ನಕಲಿ ಆ್ಯಪ್‌ಗೆ ನೀವು ಒಟಿಪಿ ಹೇಳಬೇಕಾಗಿಯೇ ಇಲ್ಲ. ಅದೇ ಓದಿ ವಂಚಕನಿಗೆ ಕಳಿಸುತ್ತದೆ.

ಇನ್ನು ಯುಪಿಐ ಪಿನ್. ಇದು ಹಣ ಕೊಡಲು ಬೇಕೇ ಹೊರತು ಪಡೆಯಲು ಬೇಡ. ‘ಅಡಿಕೆ ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

‘ನಮ್ಮ ಗುಂಪಿನವರೇ ಕಳಿಸಿದ್ದು’

ಕಳಿಸಿದವರು ನಿಮ್ಮ ಭಾವನೋ ಸ್ವಸಹಾಯ ಸಂಘದ ಗೆಳತಿಯೋ ಆಗಿರಬಹುದು. ಅವರಿಗೂ ಯಾರೋ ಕಳಿಸಿದ್ದು. ಎಷ್ಟೋ ಪ್ರಕರಣಗಳಲ್ಲಿ ಅವರ ಫೋನ್ ವಂಚಕರ ಹಿಡಿತಕ್ಕೆ ಹೋಗಿ, ಅವರಿಗೆ ಗೊತ್ತಿಲ್ಲದೆಯೇ ಸಂದೇಶ ಬಂದಿರುತ್ತದೆ. ಎರಡು ಬಾಣದ ಗುರುತಿನ ಜೊತೆ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂದಿದ್ದರೆ, ಆ ಸಂದೇಶ ಕನಿಷ್ಠ ಐದು ಕೈ ದಾಟಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ವಾಟ್ಸಾಪ್ ಬಿಡುತ್ತದೆ. ಈ ಗುರುತು ಸಂದೇಶ ಸುಳ್ಳು ಎಂದು ಹೇಳುವುದಿಲ್ಲ. ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿರಲಿಕ್ಕಿಲ್ಲ ಎಂದು ನೆನಪಿಸುತ್ತದೆ.

ಈಗಾಗಲೇ ಒತ್ತಿಬಿಟ್ಟಿದ್ದರೆ?

ಲಿಂಕ್ ಒತ್ತಿ ಸುಮ್ಮನೆ ಹಿಂದೆ ಬಂದಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಮಾಹಿತಿ ತುಂಬಿದ್ದರೆ ಅಥವಾ ಆ್ಯಪ್ ಹಾಕಿಕೊಂಡಿದ್ದರೆ ಹೀಗೆ ಮಾಡಿ:

• ಮೊಬೈಲ್ ಡೇಟಾ, ವೈಫೈ ಎರಡನ್ನೂ ಆರಿಸಿ. ಆ ಆ್ಯಪ್ ಅಳಿಸಿ.
• ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ತಡೆಹಿಡಿಸಿ.
• ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ದೂರು ಹೋದರೆ ಅದನ್ನು ತಡೆಯುವ ಸಾಧ್ಯತೆ ಹೆಚ್ಚು. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲೂ ದೂರು ಕೊಡಬಹುದು.
• ನಾಚಿಕೆ ಬಿಟ್ಟು ಗುಂಪಿನಲ್ಲಿ ತಿಳಿಸಿ. ಮುಂದಿನವರಾದರೂ ಉಳಿದುಕೊಳ್ಳುತ್ತಾರೆ.

ಪಿಎಂ ಕಿಸಾನ್ ಇ-ಕೆವೈಸಿ ಬಾಕಿ ಇದ್ದರೆ ಅದರ ಅಸಲಿ ಜಾಲತಾಣದಲ್ಲಿ ಅಥವಾ ಪ್ಲೇ ಸ್ಟೋರ್‌ನಲ್ಲಿರುವ ಅಧಿಕೃತ ಆ್ಯಪ್‌ನಲ್ಲಿ ಮಾಡಬಹುದು. ಅದು ಕಷ್ಟವೆನಿಸಿದರೆ ಶಿರಾಳಕೊಪ್ಪವಾಗಲಿ ಆನವಟ್ಟಿಯಾಗಲಿ, ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮುಗಿಸಬಹುದು. ಅನುಮಾನವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ‘ಇವತ್ತೇ, ಈಗಲೇ’ ಎಂದು ಅವಸರ ಮಾಡುವ ಸಂದೇಶ ಬಂದಾಗ, ಮೊದಲು ಆ ವಿಳಾಸವನ್ನು ಬಲಗಡೆಯಿಂದ ಒಮ್ಮೆ ಓದಿ. ಮನೆಯಲ್ಲಿ ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದ ಹಿರಿಯರಿದ್ದರೆ, ಈ ಬರಹವನ್ನು ಅವರಿಗೆ ಬರೀ ಫಾರ್ವರ್ಡ್ ಮಾಡಬೇಡಿ, ಪಕ್ಕದಲ್ಲಿ ಕೂತು ಓದಿ ಹೇಳಿ.