ಕೊನೆಯ ಬೆಂಚಿನ ಧ್ವನಿಗೆ ಲೆವೆಲ್ ಇಡೋಣ

ಕಳೆದ ಜುಲೈಯಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದೆ. ತಗಡಿನ ಮಾಡಿನ ತರಗತಿ, ಹೊರಗೆ ಬಿಡದ ಮಳೆ. ಶ್ರುತಿಕವೆಯನ್ನು ರಬ್ಬರ್ ಪ್ಯಾಡಿಗೆ ಬಡಿದು ಮಕ್ಕಳ ಕಿವಿಯ ಬಳಿ ಹಿಡಿದೆ. ಆಮೇಲೆ ಅದರ ಕವಲನ್ನು ಬೆರಳಿನಿಂದ ಮುಟ್ಟಿ, ‘ಈಗ ಶಬ್ದ ಯಾಕೆ ನಿಂತಿತು?’ ಎಂದು ಕೇಳಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಉತ್ತರ ಹೇಳಿದಳು. ನಾನು ‘ಸರಿ, ಕುಳಿತುಕೋ’ ಎಂದು ಮುಂದುವರಿದೆ.

ಸಂಜೆ ಹಿಮ್ಮಾಹಿತಿಗೆ ಕುಳಿತಾಗ ನಮ್ಮ ತಂಡದವರು ಆ ಪಾಠವನ್ನು ವಿಡಿಯೋದಲ್ಲಿ ನೋಡಿದರು. ವಿಡಿಯೋದಲ್ಲಿ ನನ್ನ ಪ್ರಶ್ನೆ ಸ್ಪಷ್ಟವಾಗಿ ಕೇಳುತ್ತದೆ. ಪ್ರಶ್ನೆ ಮುಗಿದು ನಾನು ಸುಮ್ಮನಾದ ಕೂಡಲೇ ಮಳೆಯ ಸದ್ದು ದೂರದಿಂದ ಬರುವ ಲಾರಿಯ ಹಾಗೆ ಏರುತ್ತಾ ಬಂದು ತರಗತಿಯನ್ನೇ ತುಂಬಿಬಿಡುತ್ತದೆ. ಐದು ಸೆಕೆಂಡು ಬರೀ ಮಳೆ. ಆಮೇಲೆ ನನ್ನ ‘ಸರಿ, ಕುಳಿತುಕೋ’. ವೀಕ್ಷಣಾ ಪಟ್ಟಿಯಲ್ಲಿ ಇಬ್ಬರು ಹೆಚ್ಚು ಕಡಿಮೆ ಒಂದೇ ಮಾತು ಬರೆದಿದ್ದರು: ವಿದ್ಯಾರ್ಥಿಗಳಿಂದ ಪ್ರತಿಕ್ರಿಯೆ ಇಲ್ಲ, ಪ್ರಶ್ನೆ ಕೇಳಿ ಶಿಕ್ಷಕಿಯೇ ಉತ್ತರ ಹೇಳಿದ್ದಾರೆ.

ನನಗೆ ಬೇಸರವಾಯಿತು. ಆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಐದು ಸೆಕೆಂಡನ್ನು ಹತ್ತಾರು ಸಲ ಕೇಳಿದೆ. ಮಳೆಯ ಅಡಿಯಲ್ಲಿ ಅವಳ ಮಾತು ಇತ್ತು: ‘ಕೈ ತಾಗಿದ್ರೆ ಅದ್ರ ನಡುಕ ನಿಲ್ತದೆ ಟೀಚರ್.’

ಉತ್ತರ ಪೂರ್ತಿ ಸರಿ. ‘ನಡುಕ’ ಅವಳದೇ ಪದ. ನಾನಾದರೋ ಆ ಪದವನ್ನು ಎತ್ತಿಕೊಳ್ಳದೆ, ‘ಕಂಪನ’ ಎಂದರೇನು ಎಂದು ಮುಂದಿನ ಎರಡು ನಿಮಿಷ ಪುಸ್ತಕದ ವ್ಯಾಖ್ಯೆಯನ್ನು ಬರೆಯಿಸಿದ್ದೆ. ಅವಳ ನಡುಕದಿಂದಲೇ ಕಂಪನಕ್ಕೆ ಹೋಗಬಹುದಿತ್ತು. ಆ ದಿನದ ನನ್ನ ನಿಜವಾದ ತಪ್ಪು ಅದು. ಹಿಮ್ಮಾಹಿತಿಯಲ್ಲಿ ನಾನು ಮಾಡದ ತಪ್ಪಿನ ಚರ್ಚೆಯಾಯಿತು, ಮಾಡಿದ ತಪ್ಪು ಹಾಗೇ ಉಳಿಯಿತು. ಗೆಳೆಯರನ್ನು ದೂರುವಂತಿಲ್ಲ; ಅವರು ತಮಗೆ ಕೇಳಿದ್ದನ್ನೇ ಬರೆದರು. ಕ್ಯಾಮೆರಾದ ಧ್ವನಿ ‘ಆಟೋ’ದಲ್ಲಿತ್ತು, ಅದನ್ನು ನೋಡಿಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಪಾಠವನ್ನು ವಿಡಿಯೋ ಮಾಡುವಾಗ ಧ್ವನಿಯ ಮಟ್ಟವನ್ನು ಯಂತ್ರಕ್ಕೆ ಬಿಡದೆ ನಾವೇ ಇಡಬೇಕು. ಇಡುವಾಗ ಶಿಕ್ಷಕರ ಧ್ವನಿಯ ಜೊತೆ ಕೊನೆಯ ಬೆಂಚಿನ ಮಗುವಿನ ಧ್ವನಿಯನ್ನೂ ಪರೀಕ್ಷಿಸಿ ನೋಡಬೇಕು. ಇದು ತಂತ್ರಜ್ಞರ ವಿಷಯ ಎಂದು ಬದಿಗಿಡುವ ಹಾಗಿಲ್ಲ, ಏಕೆಂದರೆ ನಮ್ಮ ಮೌಲ್ಯಮಾಪನ ನಿಂತಿರುವುದೇ ಆ ಧ್ವನಿಯ ಮೇಲೆ.

ಆಟೋ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಕ್ಯಾಮೆರಾದೊಳಗಿನ ಸ್ವಯಂಚಾಲಿತ ಗೇನ್‌ಗೆ ಯಾರು ಮಾತಾಡುತ್ತಿದ್ದಾರೆ ಎಂಬುದು ತಿಳಿಯದು. ಬರುವ ಸದ್ದು ಜೋರಾದರೆ ಅದು ಗೇನ್ ತಗ್ಗಿಸುತ್ತದೆ, ಮೆಲ್ಲಗಾದರೆ ಏರಿಸುತ್ತದೆ. ತಗ್ಗಿಸುವ ಕೆಲಸ ಥಟ್ಟನೆ ಆಗುತ್ತದೆ, ಏರಿಸುವ ಕೆಲಸ ನಿಧಾನ. ಶಿಕ್ಷಕಿ ಕ್ಯಾಮೆರಾಕ್ಕೆ ಹತ್ತಿರ, ಅವಳ ಧ್ವನಿ ದೊಡ್ಡದು; ಆದ್ದರಿಂದ ಗೇನ್ ತಗ್ಗಿರುತ್ತದೆ. ಅವಳ ಮಾತು ಮುಗಿದೊಡನೆ ಮಗು ಮೆಲ್ಲಗೆ ಉತ್ತರಿಸಿದರೆ, ತಗ್ಗಿದ ಗೇನ್ ಇನ್ನೂ ಮೇಲೆ ಬಂದಿರುವುದಿಲ್ಲ, ಉತ್ತರ ಅಡಿಯಲ್ಲೇ ಉಳಿಯುತ್ತದೆ. ಮಗು ಯೋಚಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರೆ ಗೇನ್ ಏರುತ್ತದೆ ನಿಜ, ಆದರೆ ಅದರ ಜೊತೆ ಮಳೆ, ಫ್ಯಾನು, ಪಕ್ಕದ ತರಗತಿಯ ಮಗ್ಗಿ ಎಲ್ಲವೂ ಏರುತ್ತವೆ. ಎರಡೂ ಕಡೆ ಸೋಲುವುದು ಮಗುವೇ.

ನಮ್ಮೂರಿನವರಿಗೆ ಇದು ಹೊಸದೇನಲ್ಲ. ಬಯಲಾಟವನ್ನು ಮೊಬೈಲಿನಲ್ಲಿ ಚಿತ್ರಿಸಿದವರು ನೆನಪಿಸಿಕೊಳ್ಳಲಿ. ಭಾಗವತರ ಪದ್ಯ ಚೆನ್ನಾಗಿ ಕೇಳುತ್ತಿರುತ್ತದೆ, ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಪದ್ಯ ಮುಳುಗಿ, ಚೆಂಡೆ ನಿಂತ ಮೇಲೆ ಮೆಲ್ಲನೆ ಮೇಲೇಳುತ್ತದೆ. ಭಾಗವತರು ದನಿ ತಗ್ಗಿಸಿರುವುದಿಲ್ಲ, ಮೊಬೈಲು ತಗ್ಗಿಸಿರುತ್ತದೆ. ಆಟದ ವಿಡಿಯೋದಲ್ಲಿ ಇದನ್ನು ಗುರುತಿಸುವ ನಾವು ಪಾಠದ ವಿಡಿಯೋದಲ್ಲಿ ಮಾತ್ರ ‘ಮಕ್ಕಳು ಮಾತಾಡಲಿಲ್ಲ’ ಎಂದು ನಂಬಿಬಿಡುತ್ತೇವೆ.

ಇದರಿಂದ ಪಾಠದ ಮೌಲ್ಯಮಾಪನದಲ್ಲಿ ಮೂರು ಕಡೆ ಪೆಟ್ಟು ಬೀಳುತ್ತದೆ.

ಮೊದಲನೆಯದು ಫ್ಲ್ಯಾಂಡರ್ಸ್ ಅವರ ಅಂತಃಕ್ರಿಯಾ ವಿಶ್ಲೇಷಣೆ. ಪ್ರತಿ 3 ಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಬರೆಯುತ್ತೇವೆ. 5 ನಿಮಿಷದ ಪಾಠಕ್ಕೆ ಸುಮಾರು 100 ಸಂಖ್ಯೆಗಳು. 1ರಿಂದ 7 ಶಿಕ್ಷಕರ ಮಾತು, 8 ಮತ್ತು 9 ಮಕ್ಕಳ ಮಾತು, 10 ಮೌನ ಅಥವಾ ಗೊಂದಲ. ವಿಡಿಯೋ ನೋಡಿ ಬರೆಯುವಾಗ ಕೇಳಿಸದ ಉತ್ತರ ಎಲ್ಲಿಗೆ ಹೋಗುತ್ತದೆ? ಹತ್ತಕ್ಕೆ. ನನ್ನ ಪಾಠದ ಆ ಹುಡುಗಿ ಕೊಟ್ಟ ಉತ್ತರ ಅಲ್ಲಿಗೇ ಹೋಯಿತು. ಇಂಥ ನಾಲ್ಕೈದು ಉತ್ತರಗಳು ಜಾಗ ಬದಲಿಸಿದರೆ ಮಕ್ಕಳು ಪಾಲ್ಗೊಂಡ ತರಗತಿ ಕಾಗದದಲ್ಲಿ ಮೂಕ ತರಗತಿಯಾಗುತ್ತದೆ.

ಎರಡನೆಯದು ಕಾಯುವ ಸಮಯ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ತೆರೆಯುತ್ತಾರೆ ಎಂದು ಮೇರಿ ಬಡ್ ರೋ ತೋರಿಸಿಕೊಟ್ಟದ್ದನ್ನು ಓದಿದ್ದೇವೆ. ಇದು ನಮ್ಮ ತಾಲೂಕುಗಳ ಮಕ್ಕಳಿಗೆ ಇನ್ನೂ ಮುಖ್ಯ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಉತ್ತರ ಕಟ್ಟಬೇಕು. ಅದಕ್ಕೆ ಹೊತ್ತು ಬೇಕು, ಆ ಉತ್ತರ ಬರುವುದೂ ಮೆಲ್ಲಗೆ. ಕಾಯಲು ಕಲಿತ ಪ್ರಶಿಕ್ಷಣಾರ್ಥಿಯ ವಿಡಿಯೋದಲ್ಲೇ ಹೆಚ್ಚು ಮೌನ, ಹೆಚ್ಚು ಗದ್ದಲ ದಾಖಲಾಗುತ್ತದೆ. ಕಾಯದೆ ತಾನೇ ಮಾತಾಡುತ್ತ ಹೋದವರ ವಿಡಿಯೋ ಕೇಳಲು ಅಚ್ಚುಕಟ್ಟಾಗಿರುತ್ತದೆ. ಹೀಗಾದರೆ ನಾವು ಯಾವುದನ್ನು ಒಳ್ಳೆಯ ಪಾಠವೆಂದು ಕಲಿಯುತ್ತೇವೆ?

ಮೂರನೆಯದು ಪ್ರಚೋದನಾ ಬದಲಾವಣೆಯ ಕೌಶಲ. ಧ್ವನಿಯ ಏರಿಳಿತ ಅದರ ಒಂದು ಅಂಶ. ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿದ ಮಾತನ್ನು ಆಟೋ ಎತ್ತುತ್ತದೆ, ಒತ್ತಿ ಹೇಳಿದ್ದನ್ನು ಅದುಮುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬಂದ ಮೇಲೆ ‘ಧ್ವನಿಯಲ್ಲಿ ಏರಿಳಿತ ಸಾಲದು’ ಎಂದು ಬರೆದರೆ, ಅದು ಕ್ಯಾಮೆರಾದ ಕೆಲಸದ ಮೇಲಿನ ಟಿಪ್ಪಣಿಯೇ ಹೊರತು ಪಾಠದ ಮೇಲಿನದಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ಕೇಳಿದ್ದೇನೆ. ಮಾರ್ಗದರ್ಶಕರು ತರಗತಿಯಲ್ಲೇ ಕುಳಿತಿರುತ್ತಾರಲ್ಲ, ವಿಡಿಯೋ ಯಾಕೆ ಇಷ್ಟು ದೊಡ್ಡದು ಎಂಬುದು ಒಂದು. ಅವರು ಎಲ್ಲ ಪಾಠಗಳಿಗೂ ಇರಲಾಗದು. ಅಲ್ಲದೆ ನಮ್ಮ ಪಾಠವನ್ನು ನಾವೇ ನೋಡಿಕೊಳ್ಳಲು ವಿಡಿಯೋ ಬಿಟ್ಟು ಬೇರೆ ದಾರಿಯಿಲ್ಲ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಜೊತೆಗಾರರು ಸೂಕ್ಷ್ಮ ಬೋಧನೆಯನ್ನು ರೂಪಿಸಿದಾಗಿನಿಂದಲೂ ವಿಡಿಯೋ ಅದರ ಜೊತೆಗಿದೆ. ಕೈಯಿಂದ ಲೆವೆಲ್ ಇಟ್ಟರೆ ಯಾರಾದರೂ ಕೂಗಿದಾಗ ಧ್ವನಿ ಒಡೆಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ನೋಡಿಕೊಳ್ಳುವವರು ಯಾರೂ ಇಲ್ಲದ ಕಡೆ, ಕ್ರೀಡಾ ದಿನದ ಮೈದಾನದಂಥಲ್ಲಿ, ಆಟೋ ಇರಲಿ. ತರಗತಿಯಲ್ಲಿ ಕ್ಯಾಮೆರಾದ ಹಿಂದೆ ಹೇಗೂ ಒಬ್ಬ ಸಹಪಾಠಿ ನಿಂತಿರುತ್ತಾರೆ; ಅವರಿಗೊಂದು ಕೆಲಸ ಕೊಡೋಣ.

ಕೆಲಸ ಕಷ್ಟದ್ದಲ್ಲ. ಕ್ಯಾಮೆರಾದ ಮೆನುವಿನಲ್ಲಿ ಸೌಂಡ್ ರೆಕಾರ್ಡಿಂಗ್ ಎಂಬಲ್ಲಿ ‘ಆಟೋ’ ಬದಲು ‘ಮ್ಯಾನುಯಲ್’ ಆರಿಸಿದರೆ ಲೆವೆಲ್ ಪಟ್ಟಿ ಕಾಣುತ್ತದೆ. ಅದರ ಬಲತುದಿ 0 ಡೆಸಿಬೆಲ್. ಅದು ಮಾಡಿನ ಹಾಗೆ, ಅದರಾಚೆಗೆ ಜಾಗವಿಲ್ಲ. ತುದಿ ಮುಟ್ಟಿದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ. ಆದ್ದರಿಂದ ಪಾಠ ಮಾಡುವವರು ತಮ್ಮ ಅತ್ಯಂತ ಜೋರಿನ ಮಾತನ್ನು, ‘ಎಲ್ಲರೂ ಇಲ್ಲಿ ನೋಡಿ’ ಎಂಬುದನ್ನು, ಒಮ್ಮೆ ಹೇಳಲಿ; ಪಟ್ಟಿ ಮೈನಸ್ 12ರ ಆಸುಪಾಸಿಗೆ ಬರುವ ಹಾಗೆ ಇಟ್ಟುಕೊಳ್ಳೋಣ. ಅಲ್ಲಿಗೆ ಕೂಗಾಟಕ್ಕೂ ಚಪ್ಪಾಳೆಗೂ ಒಂದಿಷ್ಟು ಜಾಗ ಉಳಿಯುತ್ತದೆ. ಆಮೇಲೆ ಕೊನೆಯ ಬೆಂಚಿನ ಮಗುವಿನ ಹತ್ತಿರ ಅದರ ಹೆಸರು, ಊರು ಹೇಳಿಸಿ, ಅರ್ಧ ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಕೇಳಬೇಕು. ಪಟ್ಟಿ ಅಲುಗಿದರೆ ಸಾಲದು, ಮಾತು ಅರ್ಥವಾಗಬೇಕು.

ಅರ್ಥವಾಗದಿದ್ದರೆ? ಲೆವೆಲ್ ಏರಿಸಲು ಕೈ ಹೋಗುತ್ತದೆ. ಅದರಿಂದ ಪ್ರಯೋಜನವಿಲ್ಲ, ಮಗುವಿನ ಜೊತೆ ಮಳೆಯೂ ಅಷ್ಟೇ ಏರುತ್ತದೆ. ಮಳೆಗೂ ಮಗುವಿಗೂ ಇರುವ ಅಂತರ ಬದಲಾಗುವುದು ಮೈಕಿನ ಜಾಗ ಬದಲಾದಾಗ ಮಾತ್ರ. ಭೌತಶಾಸ್ತ್ರದಲ್ಲಿ ಕಲಿತದ್ದೇ ಇದು: ದೂರ ಅರ್ಧವಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬೆಲ್ ಏರುತ್ತದೆ. 4 ಮೀಟರಿನಿಂದ 1 ಮೀಟರಿಗೆ ಬಂದರೆ 12 ಡೆಸಿಬೆಲ್. ಇದು ಬಯಲಿನ ಲೆಕ್ಕ, ಗೋಡೆಗಳ ನಡುವೆ ಲಾಭ ಸ್ವಲ್ಪ ಕಡಿಮೆ; ಆದರೂ ಕೇಳಿಸದ ಮಾತು ಕೇಳಿಸಲು ಸಾಕಾಗುತ್ತದೆ. ನಾವೀಗ ಮಾಡುತ್ತಿರುವುದು ಹೀಗೆ: ಒಂದು ಮೊಬೈಲನ್ನು ವಾಯ್ಸ್ ರೆಕಾರ್ಡರ್ ಹಾಕಿ ಹಿಂದಿನ ಎರಡು ಬೆಂಚುಗಳ ನಡುವೆ ಒಂದು ನೋಟ್‌ಪುಸ್ತಕದ ಮೇಲೆ ಇಡುತ್ತೇವೆ. ಪಾಠದ ಮೊದಲು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ವಿಡಿಯೋವನ್ನೂ ಈ ಧ್ವನಿಯನ್ನೂ ಆಮೇಲೆ ಆ ಚಪ್ಪಾಳೆಯ ಗುರುತಿನಲ್ಲಿ ಜೋಡಿಸಬಹುದು. ಆ ಮೊಬೈಲೂ ಆಟೋದಲ್ಲೇ ಇರಬಹುದು. ಆದರೆ ಮಗು ಹತ್ತಿರವಿರುವುದರಿಂದ ಅದರ ಮಾತು ಮುಳುಗುವುದು ಕಡಿಮೆ. ಇದಕ್ಕೆ ಹೊಸ ಖರ್ಚಿಲ್ಲ.

ಒಂದು ಶಾಲೆಯಲ್ಲಿ ಇಟ್ಟ ಲೆವೆಲ್ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದನ್ನೂ ಅನುಭವದಿಂದ ಹೇಳಬೇಕು. ಬಂಟ್ವಾಳದಲ್ಲಿ ಹೆದ್ದಾರಿ ಬದಿಯ ಶಾಲೆಗೆ ಹೋದವರಿಗೆ ಲಾರಿಗಳ ಕಾಟ. ಅಲ್ಲಿ ರಸ್ತೆಯ ಕಡೆಯ ಕಿಟಕಿಯಿಂದ ಕ್ಯಾಮೆರಾ ದೂರವಿರಬೇಕು. ಮೂಡುಬಿದಿರೆಯಲ್ಲಿ ನನಗೆ ಸಿಕ್ಕಿದ್ದು ದೊಡ್ಡ ಕಾಂಕ್ರೀಟ್ ಕೊಠಡಿ. ಮಾತಿಗಿಂತ ಅದರ ಮಾರ್ದನಿಯೇ ಹೆಚ್ಚು, ಜೊತೆಗೆ ನಾಲ್ಕು ಫ್ಯಾನು. ಬೆಳ್ತಂಗಡಿಯ ಮಳೆಯ ಕಥೆ ಆಗಲೇ ಹೇಳಿದೆ. ಆದ್ದರಿಂದ ಪ್ರತಿ ತರಗತಿಯಲ್ಲೂ, ಫ್ಯಾನು ಕಿಟಕಿಗಳನ್ನು ಪಾಠದ ಹೊತ್ತಿನಲ್ಲಿ ಇರುವ ಹಾಗೇ ಇಟ್ಟುಕೊಂಡು, ಹೊಸದಾಗಿ ಪರೀಕ್ಷಿಸಬೇಕು. ಎರಡು ನಿಮಿಷ ಸಾಕು. ಮಕ್ಕಳ ಹತ್ತಿರ ಮೈಕು ಒಯ್ಯುವಾಗ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಕ್ಕಳಿಗೂ ತಿಳಿಸಿ, ಹಿಮ್ಮಾಹಿತಿ ಮುಗಿದ ಮೇಲೆ ಧ್ವನಿಯನ್ನು ಅಳಿಸಿಬಿಡುವುದು ಧರ್ಮ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮಾತೇ ಬೇಡ.

ನಮ್ಮ ಕಾಲೇಜಿನ ಉಪನ್ಯಾಸಕರಲ್ಲಿ ಮತ್ತು ಸಹಪಾಠಿಗಳಲ್ಲಿ ಒಂದು ವಿನಂತಿ. ವೀಕ್ಷಣಾ ಪಟ್ಟಿಯ ಮೇಲ್ಭಾಗದಲ್ಲಿ ದಿನಾಂಕ, ತರಗತಿ, ವಿಷಯ ಬರೆಯುವ ಜಾಗದಲ್ಲೇ ಇನ್ನೊಂದು ಸಾಲು ಸೇರಿಸೋಣ: ‘ಕೊನೆಯ ಬೆಂಚಿನ ಮಾತು ಕೇಳಿಸುತ್ತಿದೆಯೇ?’ ‘ಇಲ್ಲ’ ಎಂದಾದರೆ ಆ ವಿಡಿಯೋ ನೋಡಿ ಕಪ್ಪುಹಲಗೆಯ ಬರಹ, ನಿಲುವು, ಚಲನವಲನಗಳ ಬಗ್ಗೆ ಧಾರಾಳವಾಗಿ ಬರೆಯೋಣ. ಮಕ್ಕಳು ಮಾತಾಡಿದರೋ ಇಲ್ಲವೋ ಎಂಬ ಕಾಲಂ ಮಾತ್ರ ಖಾಲಿ ಇರಲಿ. ನನ್ನ ಆ ಪಾಠದ ಪಟ್ಟಿಯಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂಬುದು ಇನ್ನೂ ಹಾಗೇ ಇದೆ. ನನ್ನ ಅಂಕಕ್ಕಾಗಿ ಅದನ್ನು ತಿದ್ದಬೇಕೆಂದು ಕೇಳುತ್ತಿಲ್ಲ. ಅಷ್ಟು ಸರಿಯಾಗಿ ಉತ್ತರಿಸಿದ ಹುಡುಗಿಯೊಬ್ಬಳ ಬಗ್ಗೆ ಬರೆದ ಸುಳ್ಳು ಅದು ಎಂಬುದಷ್ಟೇ ನನ್ನ ತಕರಾರು.